ಬ್ರಯಾನ್ ಈನೋ ಮತ್ತು ಆಂಬಿಯೆಂಟ್ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಬಿಯೆಂಟ್, ಅಂದರೆ ಸುತ್ತಲಿನ ವಾತಾವರಣದ ಭಾಗವಾಗಿ ಇರುವ ಸಂಗೀತ, ಅಂದ ಕೂಡಲೇ ಹಲವರಿಗೆ ನೆನಪಾಗುವುದು ಮೊಬೈಲ್‌ನಲ್ಲಿ ಸಿಗುವ ಗಂಟೆಗಟ್ಟಲೆ ಉದ್ದದ ನಿದ್ದೆಯ ಟ್ರ್ಯಾಕ್‌ಗಳು. ಆದರೆ ಈ ಸಂಗೀತ ಶುರುವಾದದ್ದು ನಿದ್ದೆ ಮಾಡಿಸಲು ಅಲ್ಲ. ರಾಕ್ ಬ್ಯಾಂಡ್‌ನಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ) ಮುಂದೆ ನಿಲ್ಲುತ್ತಿದ್ದ ಒಬ್ಬರು, ತಾವು ಕೈ ತೆಗೆದ ಮೇಲೂ ಸಂಗೀತ ತಾನಾಗಿ ಬೆಳೆಯುತ್ತಾ ಹೋಗುವ ದಾರಿ ಹುಡುಕಿದರು. ಆಗ ಅದಕ್ಕೆ ಒಂದು ಹೆಸರು, ಒಂದು ರೂಪ ಸಿಕ್ಕಿತು. ಅವರ ಬಗ್ಗೆ ಗೆಳೆಯರು, ಸಂಗೀತ ಕಲಿಯುವ ಹುಡುಗ ಹುಡುಗಿಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬ್ರಯಾನ್ ಈನೋ ಯಾರು?

1948ರಲ್ಲಿ ಇಂಗ್ಲೆಂಡಿನ ಸಫೊಕ್‌ನಲ್ಲಿ ಹುಟ್ಟಿದವರು. ಓದಿದ್ದು ಸಂಗೀತವಲ್ಲ, ಚಿತ್ರಕಲೆ. ಇಪ್ಸ್‌ವಿಚ್ ಮತ್ತು ವಿಂಚೆಸ್ಟರ್‌ನ ಕಲಾಶಾಲೆಗಳಲ್ಲಿ ಕಲಿತರು. 1971ರಲ್ಲಿ ರಾಕ್ಸಿ ಮ್ಯೂಸಿಕ್ ಎಂಬ ಬ್ಯಾಂಡ್ ಸೇರಿ, ಅಲ್ಲಿ ಸಿಂಥಸೈಜರ್ ನೋಡಿಕೊಳ್ಳುತ್ತಿದ್ದರು. ಮುಂದೆ ಗಾಯಕ ಡೇವಿಡ್ ಬೋವಿ, ಟಾಕಿಂಗ್ ಹೆಡ್ಸ್ ಮತ್ತು ಯು2 ಬ್ಯಾಂಡುಗಳ ಜೊತೆ ಕೆಲಸ ಮಾಡಿ ದೊಡ್ಡ ಹೆಸರು ಗಳಿಸಿದರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಆಂಬಿಯೆಂಟ್. ಅದಕ್ಕೆ ಈ ಪುಟ ಪೂರ್ತಿ ಅದರ ಮೇಲೇ ಇದೆ.

ಅವರಿಗೆ ವಾದ್ಯ ನುಡಿಸಲು ಬರುತ್ತಿರಲಿಲ್ಲ ಅಂತಾರೆ. ನಿಜವಾ?

ಹೆಚ್ಚುಕಡಿಮೆ ನಿಜ. ತಾನು ಸಂಗೀತಗಾರನೇ ಅಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಸ್ವರಲಿಪಿ ಓದಿ ನುಡಿಸುವ ಶಿಕ್ಷಣ ಅವರಿಗೆ ಇರಲಿಲ್ಲ.

ಅವರ ಕೈಯಲ್ಲಿದ್ದ ಯಂತ್ರ ಇದಕ್ಕೆ ಸರಿಹೊಂದಿತು. ಅದು ಲಂಡನ್ನಿನ ಇಎಂಎಸ್ ಕಂಪನಿ 1969ರಲ್ಲಿ ತಂದ ವಿಸಿಎಸ್3. ಅದರ ಮುಖ್ಯ ಪೆಟ್ಟಿಗೆಯಲ್ಲಿ ಕೀಬೋರ್ಡೇ ಇಲ್ಲ. ಸದ್ದು ಹುಟ್ಟಿಸುವ ಮೂರು ಆಸಿಲೇಟರ್, ಆ ಸದ್ದಿನ ಬಣ್ಣ ಬದಲಿಸುವ ಒಂದು ಫಿಲ್ಟರ್, ಒಂದು ಜಾಯ್‌ಸ್ಟಿಕ್, ಸಾಲಾಗಿ ತಿರುಗಿಸುವ ಗುಬುಟುಗಳು. ಜೊತೆಗೆ ಅಡ್ಡ 16, ಉದ್ದ 16 ತೂತುಗಳ ಒಂದು ಹಲಗೆ. ಯಾವ ತೂತಿಗೆ ಪಿನ್ನು ಚುಚ್ಚುತ್ತೀರೋ ಅದರ ಮೇಲೆ ಯಾವ ಭಾಗ ಯಾವುದಕ್ಕೆ ಸೇರಬೇಕು ಅನ್ನುವುದು ತೀರ್ಮಾನ ಆಗುತ್ತದೆ.

ಇಂಥ ಯಂತ್ರದ ಮುಂದೆ ಬೆರಳಿನ ಚುರುಕಿಗೆ ಜಾಸ್ತಿ ಬೆಲೆ ಇಲ್ಲ. ಮೊದಲು ಒಂದು ವ್ಯವಸ್ಥೆ ಕಟ್ಟಬೇಕು. ಆಮೇಲೆ ಅದು ಏನು ಮಾಡುತ್ತದೆ ಅಂತ ಕಿವಿಗೊಟ್ಟು ಕೇಳಬೇಕು. ರಾಕ್ಸಿ ಮ್ಯೂಸಿಕ್‌ನಲ್ಲಿ ಈನೋ ಉಳಿದವರ ಗಿಟಾರ್, ಸ್ಯಾಕ್ಸೊಫೋನ್ ಸದ್ದನ್ನೂ ತಮ್ಮ ಯಂತ್ರದ ಒಳಗೆ ಹಾಯಿಸಿ ಬದಲಾಯಿಸಿ ಹೊರಗೆ ಬಿಡುತ್ತಿದ್ದರು. ಮುಂದೆ ಅವರು ಹಿಡಿದ ದಾರಿಯ ಬೀಜ ಇಲ್ಲೇ ಇದೆ.

ಅಷ್ಟು ಹೆಸರು ಮಾಡಿದ ಬ್ಯಾಂಡ್ ಬಿಟ್ಟದ್ದು ಯಾಕೆ?

1973ರಲ್ಲಿ ಬಿಟ್ಟರು. ಮುಖ್ಯ ಗಾಯಕ ಬ್ರಯಾನ್ ಫೆರಿ ಜೊತೆ ಹೊಂದಾಣಿಕೆ ಆಗುತ್ತಿರಲಿಲ್ಲ. ವೇದಿಕೆಯ ಮೇಲೆ ನಿಂತಿರುವಾಗ ಮನೆಯ ಒಗೆಯುವ ಬಟ್ಟೆಯ ಯೋಚನೆ ಬರತೊಡಗಿತ್ತು ಎಂದೂ ಈನೋ ಹೇಳಿಕೊಂಡಿದ್ದಾರೆ.

ಎರಡು ಟೇಪ್ ರೆಕಾರ್ಡರ್‌ಗಳ ಪ್ರಯೋಗ ಅಂದರೆ ಏನು?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

1972ರ ಸೆಪ್ಟೆಂಬರ್‌ನಲ್ಲಿ, ಇನ್ನೂ ಬ್ಯಾಂಡಿನಲ್ಲಿ ಇದ್ದಾಗಲೇ, ಈನೋ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರನ್ನು ಮನೆಗೆ ಕರೆದರು. ಅಲ್ಲಿ ಎರಡು ರೆವಾಕ್ಸ್ ಟೇಪ್ ಯಂತ್ರಗಳು ಅಕ್ಕಪಕ್ಕ ಇದ್ದವು. ಮೊದಲನೆಯದು ಗಿಟಾರನ್ನು ಟೇಪಿಗೆ ಇಳಿಸುತ್ತದೆ. ಅದೇ ಟೇಪು ಮುಂದೆ ಸಾಗಿ ಎರಡನೆಯ ಯಂತ್ರ ಮುಟ್ಟಿದಾಗ ಆ ಸದ್ದು ಕೇಳಿಸುತ್ತದೆ. ಅದನ್ನು ಮತ್ತೆ ಮೊದಲನೆಯ ಯಂತ್ರಕ್ಕೇ ಕಳಿಸುತ್ತಾರೆ. ಹೀಗೆ ಒಮ್ಮೆ ನುಡಿಸಿದ್ದು ತಿರುಗಿ ತಿರುಗಿ ಬರುತ್ತದೆ, ಪ್ರತಿ ಸಲ ತುಸು ಮಂಕಾಗುತ್ತದೆ, ಅದರ ಮೇಲೆ ಹೊಸದು ಕೂರುತ್ತದೆ.

ಎಷ್ಟು ಹೊತ್ತಿಗೆ ಮರಳಿ ಬರುತ್ತದೆ ಅನ್ನುವುದು ಎರಡು ಯಂತ್ರಗಳ ನಡುವಿನ ಅಂತರಕ್ಕೆ ಬಿಟ್ಟದ್ದು. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿದ್ದರೆ, ಒಂದು ಮೀಟರ್ ಅಂತರಕ್ಕೆ 5 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಮೇಜನ್ನು ಆಚೆ ತಳ್ಳಿದರೆ ಸಂಗೀತವೇ ಬದಲಾಗುತ್ತದೆ! ಒಬ್ಬನೇ ಗಿಟಾರ್ ವಾದಕ 20 ನಿಮಿಷದಲ್ಲಿ ಸದ್ದಿನ ದೊಡ್ಡ ಗೋಡೆ ಕಟ್ಟಿಬಿಟ್ಟರು. 1973ರಲ್ಲಿ ಇದು ಇಬ್ಬರ ಹೆಸರಿನಲ್ಲೂ ಆಲ್ಬಮ್ ಆಗಿ ಬಂತು.

ಈ ಉಪಾಯ ಈನೋ ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಪಾಲೀನ್ ಆಲಿವೆರೋಸ್ ಮತ್ತು ಟೆರಿ ರೈಲಿ 1960ರ ದಶಕದಲ್ಲೇ ಹೀಗೆ ಟೇಪ್ ಬಳಸುತ್ತಿದ್ದರು. ಇನ್ನೊಬ್ಬ ಅಮೆರಿಕನ್, ಸ್ಟೀವ್ ರೈಶ್, 1965ರಲ್ಲಿ ಒಬ್ಬ ಬೀದಿ ಬೋಧಕರ ಮಾತಿನ ಒಂದೇ ತುಣುಕನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿದರು. ಎರಡೂ ನಿಧಾನವಾಗಿ ಹೊಂದಿಕೆ ತಪ್ಪುತ್ತಾ ಹೋಗುವುದೇ ಅಲ್ಲಿನ ಸಂಗೀತ. ಅಷ್ಟು ಕಡಿಮೆ ಸಾಮಗ್ರಿಯಿಂದ ಅಷ್ಟೊಂದು ಹುಟ್ಟುತ್ತದಲ್ಲ ಎಂಬ ಬೆರಗು ಈನೋ ಅವರನ್ನು ಬಿಡಲೇ ಇಲ್ಲ.

ಅಪಘಾತ ಆಗಿ ಹಾಸಿಗೆಯಲ್ಲಿದ್ದಾಗ ಆಂಬಿಯೆಂಟ್ ಹೊಳೆಯಿತು ಎಂಬ ಕಥೆ ನಿಜವೇ?

ಈನೋ ಅವರೇ 1975ರ ತಮ್ಮ ಆಲ್ಬಮ್ ಹೊದಿಕೆಯ ಮೇಲೆ ಬರೆದ ಕಥೆ ಅದು. ಆ ವರ್ಷದ ಆರಂಭದಲ್ಲಿ ಲಂಡನ್ನಿನಲ್ಲಿ ಟ್ಯಾಕ್ಸಿ ಗುದ್ದಿ ಪೆಟ್ಟಾಗಿತ್ತು. ನೋಡಲು ಬಂದ ಗೆಳತಿ ಜೂಡಿ ನೈಲಾನ್ 18ನೇ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡ್ ತಂದುಕೊಟ್ಟರು. ಅವರು ಹೋದ ಮೇಲೆ ಈನೋ ಕಷ್ಟಪಟ್ಟು ಎದ್ದು ಅದನ್ನು ಹಾಕಿ ಬಂದು ಮಲಗಿದರು. ಸದ್ದು ತೀರಾ ಕಡಿಮೆ ಇತ್ತು. ಸ್ಟೀರಿಯೋದ ಒಂದು ಕಡೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಮತ್ತೆ ಎದ್ದು ಸರಿಮಾಡುವ ಶಕ್ತಿ ಇರಲಿಲ್ಲ. ಹಾರ್ಪ್ ಸದ್ದು ಮಳೆಯ ಸದ್ದಿನ ಜೊತೆ ಬೆರೆತು, ಆಗಾಗ ಮಾತ್ರ ಮೇಲೆ ತೇಲಿ ಬರುತ್ತಿತ್ತು. ಕೋಣೆಯ ಬೆಳಕು ಹೇಗೋ ಹಾಗೆ ಸಂಗೀತವೂ ಜಾಗದ ಒಂದು ಭಾಗವಾಗಬಹುದು ಎಂದು ಅವರಿಗೆ ಆಗ ಕಂಡಿತು.

ಜೂಡಿ ನೈಲಾನ್ ನೆನಪು ಬೇರೆ. ಅದು ಆಕಸ್ಮಿಕವಲ್ಲ, ಮಳೆಗೆ ಹೊಂದುವಂತೆ ಸದ್ದನ್ನು ತಾವಿಬ್ಬರೂ ಸೇರಿಯೇ ಹದ ಮಾಡಿದ್ದು ಎಂದು ಅವರು ಹೇಳಿದ್ದಾರೆ. ನನಗೆ ಅವರ ಮಾತೂ ಅಷ್ಟೇ ಮುಖ್ಯ. ಎಲ್ಲರೂ ಒಬ್ಬರ ಕಥೆಯನ್ನೇ ಹೇಳುತ್ತಾ ಹೋದರೆ ಇನ್ನೊಬ್ಬರ ಕಿವಿಯ ಪಾಲು ಕಳೆದುಹೋಗುತ್ತದೆ. ಅದಲ್ಲದೆ ಟೇಪ್ ಪ್ರಯೋಗ ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು. ಆ ಸಂಜೆ ಹೊಸದಾಗಿ ಸಿಕ್ಕಿದ್ದು ಸಂಗೀತ ಮಾಡುವ ರೀತಿ ಅಲ್ಲ, ಕೇಳುವ ರೀತಿ.

‘ಡಿಸ್ಕ್ರೀಟ್ ಮ್ಯೂಸಿಕ್’ನಲ್ಲಿ ಸಿಂಥಸೈಜರ್ ಏನು ಮಾಡುತ್ತದೆ?

ಆ 1975ರ ಆಲ್ಬಮ್ ಇದೇ. ಈನೋ ಅವರದ್ದೇ ಅಬ್ಸ್‌ಕ್ಯೂರ್ ಎಂಬ ಲೇಬಲ್‌ನಲ್ಲಿ ಬಂತು. ಮೊದಲ ಬದಿ ಪೂರ್ತಿ ಒಂದೇ ಕೃತಿ, ಸುಮಾರು 30 ನಿಮಿಷ.

ಸೂಟ್‌ಕೇಸಿನಲ್ಲಿ ಬರುವ ಸಿಂಥಿ ಎಂಬ ಇಎಂಎಸ್ ಯಂತ್ರಕ್ಕೆ ಸ್ವರಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಇತ್ತು. ಈನೋ ಅದಕ್ಕೆ ಎರಡು ಪುಟ್ಟ ಸ್ವರಸಾಲುಗಳನ್ನು ಕೊಟ್ಟರು. ಎರಡರ ಉದ್ದ ಬೇರೆ ಬೇರೆ. ತಾಳ ಹಾಕಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರು 8 ಅಕ್ಷರದ ಆದಿತಾಳ, ಇನ್ನೊಬ್ಬರು 7 ಅಕ್ಷರದ ಮಿಶ್ರಛಾಪು ಹಾಕುತ್ತಾ ಹೋದರೆ ಇಬ್ಬರ ಸಮ ಮತ್ತೆ ಕೂಡುವುದು 56ನೇ ಅಕ್ಷರ ಮುಗಿದ ಮೇಲೆ. ಅಲ್ಲಿಯವರೆಗೆ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಕಡೆ ಎದುರಾಗುತ್ತಾರೆ. ಹಾಗೆಯೇ ಇಲ್ಲಿ ಎರಡು ಸಾಲುಗಳು.

ಸಿಂಥಿಯಿಂದ ಹೊರಟ ಸದ್ದು ಈಕ್ವಲೈಜರ್ (ನಾದದ ಬಣ್ಣ ತಿದ್ದುವ ಯಂತ್ರ), ಎಕೋ ಯಂತ್ರ ದಾಟಿ ಆ ಎರಡು ಟೇಪ್ ಯಂತ್ರಗಳ ಸುತ್ತಿಗೆ ಬೀಳುತ್ತದೆ. ಈನೋ ಮಾಡುತ್ತಿದ್ದದ್ದು ಆಗಾಗ ನಾದದ ಬಣ್ಣ ತುಸು ತಿದ್ದುವುದು, ಅಷ್ಟೇ. ಈ ಇಡೀ ಜೋಡಣೆಯ ಚಿತ್ರವನ್ನು ಹೊದಿಕೆಯ ಮೇಲೆ ಮುದ್ರಿಸಿಯೂ ಕೊಟ್ಟರು. ತಮ್ಮ ಗುಟ್ಟನ್ನು ಹಾಗೆ ಧಾರಾಳವಾಗಿ ಹಂಚಿದ್ದು ನನಗೆ ತುಂಬ ಹಿಡಿಸಿದ ವಿಷಯ.

ಇನ್ನೊಂದು ಮಾತು. ಇದನ್ನು ಶುರು ಮಾಡಿದ್ದು ಸ್ವತಂತ್ರ ಕೃತಿ ಅಂತ ಅಲ್ಲ. ಕಛೇರಿಯಲ್ಲಿ ಫ್ರಿಪ್ ಗಿಟಾರ್ ನುಡಿಸುವಾಗ ಹಿಂದೆ ಇರಲಿ ಅಂತ.

ವಿಮಾನ ನಿಲ್ದಾಣಕ್ಕೆ ಅಂತಲೇ ಸಂಗೀತ ಮಾಡಿದ್ದು ಯಾಕೆ?

ಜರ್ಮನಿಯ ಕಲೋನ್ ನಿಲ್ದಾಣದಲ್ಲಿ ಈನೋ ವಿಮಾನಕ್ಕೆ ಕಾಯುತ್ತಿದ್ದರು. ಕಟ್ಟಡ ಚೆನ್ನಾಗಿತ್ತು, ಅಲ್ಲಿ ಹಾಕಿದ್ದ ಹಾಡು ಚೆನ್ನಾಗಿರಲಿಲ್ಲ. ಇಂಥ ಜಾಗಕ್ಕೆ ಎಂಥ ಸಂಗೀತ ಬೇಕು ಎಂದು ಯೋಚಿಸಿದರು. ನಡುವೆ ಪ್ರಕಟಣೆ ಬಂದರೆ ಕೆಡಬಾರದು. ಜನರ ಮಾತಿನ ಸ್ಥಾಯಿಗೆ, ಮಾತಿನ ವೇಗಕ್ಕೆ ಅಡ್ಡ ಬರಬಾರದು. ಹಾರುವ ಮೊದಲು ಎಲ್ಲರ ಎದೆಯಲ್ಲೂ ಸಣ್ಣದಾಗಿ ಇರುವ ಸಾವಿನ ಭಯವನ್ನು ಸುಳ್ಳು ಉಲ್ಲಾಸದಿಂದ ಮುಚ್ಚಬಾರದು. ಈ ಕೊನೆಯದು ನನಗೆ ದೊಡ್ಡ ಮಾತು ಅನ್ನಿಸುತ್ತದೆ.

1978ರಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಬಂತು. ಹೊದಿಕೆಯ ಮೇಲೆ ‘ಆಂಬಿಯೆಂಟ್ 1’ ಅಂತ ಬರೆದಿತ್ತು. ಈ ಬಗೆಯ ಸಂಗೀತಕ್ಕೆ ಹೆಸರು ನಿಂತದ್ದು ಅಲ್ಲಿಂದ. ನಾಲ್ಕು ಭಾಗಗಳಿವೆ. ಮೊದಲನೆಯದರಲ್ಲಿ ಪಿಯಾನೋ ನುಡಿಸಿದವರು ರಾಬರ್ಟ್ ವಯಟ್. ಕೊನೆಯದರಲ್ಲಿ ಎಆರ್‌ಪಿ 2600 ಸಿಂಥಸೈಜರ್ ಇದೆ.

ಎರಡನೆಯದು ಬರೀ ಕಂಠಗಳದ್ದು. ಜರ್ಮನಿಯ ರೆಕಾರ್ಡಿಂಗ್ ತಜ್ಞ ಕಾನಿ ಪ್ಲಾಂಕ್ ಅವರ ಸ್ಟುಡಿಯೋದಲ್ಲಿ ಮೂವರು ಹೆಂಗಸರು, ಜೊತೆಗೆ ಈನೋ, ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆದು ಹಾಡಿದರು. ಒಂದೊಂದು ಸ್ವರಕ್ಕೂ ಬೇರೆ ಟೇಪ್ ಲೂಪ್, ಅಂದರೆ ತುದಿಗೆ ತುದಿ ಅಂಟಿಸಿ ಸುತ್ತುತ್ತಲೇ ಇರುವ ಟೇಪು. ಆ ಲೂಪ್‌ಗಳು ಎಷ್ಟು ಉದ್ದ ಇದ್ದವು ಅಂದರೆ, ಯಂತ್ರದಿಂದ ಹೊರಬಂದು ಸ್ಟುಡಿಯೋದ ಅಲ್ಯೂಮಿನಿಯಂ ಕುರ್ಚಿಗಳನ್ನು ಸುತ್ತಿ ಹಾಕಿಕೊಂಡು ಒಳಗೆ ಹೋಗುತ್ತಿದ್ದವು. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಭಾಷಣದಲ್ಲಿ ಈನೋ ಲೆಕ್ಕ ಕೊಟ್ಟಿದ್ದಾರೆ. ಒಂದು ಸ್ವರ ಇಪ್ಪತ್ತಮೂರೂವರೆ ಸೆಕೆಂಡಿಗೆ ಮರಳುತ್ತದೆ. ಇನ್ನೊಂದು 26ಕ್ಕೆ ಕೂದಲೆಳೆ ಮೊದಲು, ಮತ್ತೊಂದು 30ಕ್ಕೆ ಕೂದಲೆಳೆ ಮೊದಲು. ಈ ಅಂಕಿಗಳು ಸುಲಭಕ್ಕೆ ಒಂದಕ್ಕೊಂದು ಕೂಡುವುದಿಲ್ಲ. ಅದರಿಂದ ಕಂಠಗಳು ಒಮ್ಮೆ ಗುಂಪಾಗಿ ಬರುತ್ತವೆ, ಒಮ್ಮೆ ಒಂಟಿಯಾಗಿ, ಒಮ್ಮೆ ಯಾರೂ ಇಲ್ಲ. ಕೇಳಿದರೆ ಯಾರೋ ತುಂಬ ಯೋಚಿಸಿ ಬರೆದ ಹಾಗಿದೆ. ಆದರೆ ಆ ಸರದಿಯನ್ನು ಯಾರೂ ಬರೆದಿಲ್ಲ.

1980ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯ ನಿಲ್ದಾಣದ ಮರೀನ್ ಟರ್ಮಿನಲ್‌ನಲ್ಲಿ ಇದನ್ನು ನಿಜಕ್ಕೂ ಹಾಕಿದ್ದರು.

ಹೋಟೆಲ್, ಲಿಫ್ಟ್‌ಗಳಲ್ಲಿ ಹಾಕುವ ಹಿನ್ನೆಲೆ ಸಂಗೀತಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಿನ್ನೆಲೆ ಸಂಗೀತವನ್ನು ಒಂದು ವ್ಯಾಪಾರ ಮಾಡಿದ್ದು ಅಮೆರಿಕದ ಮ್ಯೂಜಾಕ್ ಕಂಪನಿ. ಗೊತ್ತಿರುವ ಹಾಡುಗಳ ಮೂಲೆಗಳನ್ನೆಲ್ಲ ಸವರಿ ನುಣುಪು ಮಾಡಿ ಕೊಡುತ್ತಿದ್ದರು. ಕೆಲಸದವರು ಚುರುಕಾಗಿರಲಿ, ಅಂಗಡಿಗೆ ಬಂದವರು ಹಾಯಾಗಿರಲಿ ಎಂಬುದು ಉದ್ದೇಶ. ಕೇಳುವವರ ಮನಸ್ಸು ಹೀಗೇ ಇರಬೇಕು ಎಂದು ಬೇರೆ ಯಾರೋ ತೀರ್ಮಾನಿಸಿರುತ್ತಾರೆ.

ಈನೋ 1978ರ ಹೊದಿಕೆಯ ಮೇಲೆ ತಮ್ಮ ನಿಲುವನ್ನು ಸ್ಪಷ್ಟವಾಗಿ ಬರೆದರು. ಕಿವಿಗೊಡದೆ ಬಿಡುವುದಾದರೆ ಬಿಡಬಹುದು, ಕಿವಿಗೊಟ್ಟರೆ ಅಷ್ಟೇ ಸ್ವಾರಸ್ಯವೂ ಸಿಗಬೇಕು. ಜಾಗದ ಸ್ವಭಾವವನ್ನು ಅಳಿಸಬಾರದು. ಮನಸ್ಸಿನಲ್ಲಿರುವ ಅನುಮಾನ, ಅನಿಶ್ಚಿತತೆಗೂ ಅಲ್ಲಿ ಜಾಗ ಇರಬೇಕು. ಇದು ಕೇಳುಗರ ಮೇಲಿನ ಗೌರವ. ಈ ಗೌರವ ಇಲ್ಲದೆ ಸುಮ್ನೆ ಮೆತ್ತಗೆ ನುಡಿಸಿದ್ದನ್ನೆಲ್ಲ ಆಂಬಿಯೆಂಟ್ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಈನೋಗಿಂತ ಮೊದಲು ಯಾರೂ ಇಂಥದ್ದು ಮಾಡಿರಲಿಲ್ಲವೇ?

ಮಾಡಿದ್ದರು. ಫ್ರಾನ್ಸಿನ ಎರಿಕ್ ಸಾತೀ 1917ರಲ್ಲೇ ಪೀಠೋಪಕರಣದಂತೆ ಕೋಣೆಯಲ್ಲಿ ಇರುವ ಸಂಗೀತ ಬರೆದರು. 1920ರಲ್ಲಿ ಪ್ಯಾರಿಸ್ಸಿನ ಒಂದು ಗ್ಯಾಲರಿಯಲ್ಲಿ ಅಂಥದ್ದನ್ನು ನಾಟಕದ ವಿರಾಮದಲ್ಲಿ ನುಡಿಸಿದಾಗ ಜನ ಅಭ್ಯಾಸಬಲದಿಂದ ಸುಮ್ಮನೆ ಕೂತು ಕೇಳತೊಡಗಿದರಂತೆ. ಸಾತೀ ಓಡಾಡುತ್ತಾ, ಮಾತಾಡಿ, ತಿರುಗಾಡಿ, ಕೇಳಬೇಡಿ ಎಂದು ಒತ್ತಾಯ ಮಾಡಬೇಕಾಯಿತು!

ಸಿಂಥಸೈಜರ್ ವಿಷಯಕ್ಕೆ ಬಂದರೆ ವೆಂಡಿ ಕಾರ್ಲೋಸ್ ಅವರನ್ನು ಮರೆಯಬಾರದು. ಮೋಗ್ ಎಂಬ ಸಿಂಥಸೈಜರಿನಲ್ಲಿ ಹಳೆಯ ಜರ್ಮನ್ ಸಂಗೀತಕಾರ ಬಾಖ್ ಅವರ ಕೃತಿಗಳನ್ನು ನುಡಿಸಿ 1968ರಲ್ಲಿ ಪ್ರಸಿದ್ಧರಾದವರು. 1972ರಲ್ಲಿ ಅವರು ‘ಸಾನಿಕ್ ಸೀಸನಿಂಗ್ಸ್’ ಎಂಬ ಜೋಡಿ ರೆಕಾರ್ಡ್ ತಂದರು. ನಾಲ್ಕು ಬದಿಗೆ ನಾಲ್ಕು ಋತು. ಹಕ್ಕಿ, ಗುಡುಗು, ಕೀಟ, ಗಾಳಿಯ ಸದ್ದುಗಳ ಜೊತೆ ಮೋಗ್ ಬೆರೆತಿದೆ. ಗಮನ ಕೊಟ್ಟು ಕೇಳಲೇಬೇಕು ಎಂಬ ಹಟ ಅದಕ್ಕೂ ಇಲ್ಲ. ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಜರ್ಮನಿಯಲ್ಲಿ ಪೊಪೊಲ್ ವೂ, ಟ್ಯಾಂಜರಿನ್ ಡ್ರೀಮ್, ಕ್ಲಸ್ಟರ್ ತಂಡಗಳು ಇದ್ದವು. ಈನೋ 1976ರಲ್ಲಿ ಫೋರ್ಸ್ಟ್ ಎಂಬ ಹಳ್ಳಿಗೆ ಹೋಗಿ ಕ್ಲಸ್ಟರ್‌ನ ಇಬ್ಬರು ಹಾಗೂ ಅವರ ಗೆಳೆಯರ ಜೊತೆ ನುಡಿಸಿದರು. ಆಮೇಲೆ ಜಪಾನಿನಲ್ಲಿ ಹಿರೋಶಿ ಯೊಶಿಮುರಾ ಇದೇ ದಾರಿಯಲ್ಲಿ ತಮ್ಮದೇ ಹೆಜ್ಜೆ ಇಟ್ಟರು. ಅವರ 1982ರ ಮೊದಲ ಆಲ್ಬಮ್ ಟೋಕಿಯೋದ ಹಾರಾ ಕಲಾ ಸಂಗ್ರಹಾಲಯದೊಂದಿಗೆ ಬೆಸೆದುಕೊಂಡಿದೆ.

ನಮ್ಮ ತಂಬೂರಿಗೂ ಇದಕ್ಕೂ ನಂಟು ಇದೆಯಾ?

ನೇರವಾಗಿ ಇಲ್ಲ. ಆದರೆ ಒಂದು ಎಳೆ ಇದೆ. ಈನೋ ವಿದ್ಯಾರ್ಥಿಯಾಗಿದ್ದಾಗ ಅಮೆರಿಕದ ಲಾ ಮಾಂಟ್ ಯಂಗ್ ಅವರ ಒಂದು ಕೃತಿಯನ್ನು ಪ್ರದರ್ಶಿಸಿದ್ದರು. ಬಿಡದೆ ನಿಲ್ಲುವ ಸ್ವರದ ಮೇಲೆ ಜೀವಮಾನ ಕಳೆದವರು ಯಂಗ್. ಅವರೂ ಟೆರಿ ರೈಲಿ ಅವರೂ 1970ರಲ್ಲಿ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದರು. ಪ್ರಾಣನಾಥ್ ಕಿರಾನಾ ಘರಾನೆಯವರು. ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯ. ಅದೇ ಘರಾನೆಯ ಅಬ್ದುಲ್ ಕರೀಂ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಒಂದು ಸ್ವರದಲ್ಲಿ ಅವಸರವಿಲ್ಲದೆ ನಿಲ್ಲುವ ಕಿರಾನಾ ಗುಣ ಧಾರವಾಡದ ಕಡೆಯವರಿಗೆ ಹೊಸದಲ್ಲ, ಅಲ್ವಾ?

ಒಂದು ವ್ಯತ್ಯಾಸ ಮಾತ್ರ ಮುಖ್ಯ. ತಂಬೂರಿ ಹಾಡುವವರಿಗಾಗಿ ಕಾಯುತ್ತದೆ. ಆಂಬಿಯೆಂಟ್‌ನಲ್ಲಿ ಯಾರೂ ಬಂದು ಹಾಡುವುದಿಲ್ಲ.

ಆ ಕಾಲದಲ್ಲಿ ಭಾರತದಲ್ಲಿ ಸಿಂಥಸೈಜರ್ ಇತ್ತೇ?

ಇತ್ತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಮೋಗ್ ಯಂತ್ರದ ಸ್ಟುಡಿಯೋ ಹೊಂದಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅಲ್ಲಿ ಕೆಲಸ ಮಾಡಿದರು.

ಸಿಂಥಸೈಜರ್ ಇಲ್ಲದೆ ಆಂಬಿಯೆಂಟ್ ಮಾಡಬಹುದಾ?

ಮಾಡಬಹುದು. ಈನೋ ಅವರೇ ಮಾಡಿ ತೋರಿಸಿದರು. ಆಂಬಿಯೆಂಟ್ ಸರಣಿಯ ಮೂರನೆಯದು, 1980ರದ್ದು, ಲರಾಜಿ ಅವರ ಝಿದರ್ ಎಂಬ ತಂತಿವಾದ್ಯದ ವಾದನ. ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದ ಪಾರ್ಕಿನಲ್ಲಿ ನುಡಿಸುತ್ತಿದ್ದ ಅವರನ್ನು ಈನೋ ಕಂಡು ಕರೆದಿದ್ದರು.

ನಾಲ್ಕನೆಯದು, 1982ರ ‘ಆನ್ ಲ್ಯಾಂಡ್’, ಇನ್ನೂ ಮುಂದೆ ಹೋಗುತ್ತದೆ. ಬಾಲ್ಯದ ಸಫೊಕ್ ಕಡಲತೀರ, ಜೌಗು ನೆಲದ ನೆನಪು ಅದರ ತುಂಬ ಇದೆ. ಇದಕ್ಕೆ ಸಿಂಥಸೈಜರ್ ಅಷ್ಟಾಗಿ ಒದಗುವುದಿಲ್ಲ ಎಂದು ಈನೋ ಬೇಗನೆ ಕಂಡುಕೊಂಡರು. ಅದರ ಸದ್ದು ನಕ್ಷೆ ಬರೆದ ಹಾಗಿತ್ತು, ಜಾಗದ ನೆನಪು ಎಬ್ಬಿಸುತ್ತಿರಲಿಲ್ಲ. ಅದಕ್ಕೆ ಸರಪಳಿ, ಕಡ್ಡಿ, ಕಲ್ಲುಗಳ ಸದ್ದು ತಂದರು. ಘಾನಾ ದೇಶಕ್ಕೆ ಹೋಗಿದ್ದಾಗ ಸಂಜೆ ಹೊರಗೆ ಕೂತು, ಮೈಕಿನಿಂದ ಸುತ್ತಲಿನ ಸದ್ದನ್ನೆಲ್ಲ ಹಿಡಿದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದರು. ಯಾವುದು ಹಿನ್ನೆಲೆ, ಯಾವುದು ಮುನ್ನೆಲೆ ಎಂಬ ಭೇದ ಅಲ್ಲಿ ಕರಗಿತು. ಸಿಂಥಸೈಜರ್‌ನಿಂದಲೇ ಹೆಸರು ಮಾಡಿದವರು, ಕೆಲಸ ಕೇಳಿದಾಗ ಅದನ್ನು ಪಕ್ಕಕ್ಕಿಟ್ಟರು. ಅವರ ಆಂಬಿಯೆಂಟ್ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಇದೇ.

ಮುಂದೆ ಮತ್ತೆ ಸಿಂಥ್‌ಗೆ ಮರಳಿದರು. ಯಮಹಾ ಡಿಎಕ್ಸ್7 ಅವರ ಅಚ್ಚುಮೆಚ್ಚಿನ ಯಂತ್ರವಾಯಿತು.

ವಿಂಡೋಸ್ 95 ಶುರುವಾಗುವ ಸದ್ದು ಅವರದ್ದೇನಾ?

ಹೌದು, ಅವರದ್ದೇ. ಕೆಲವೇ ಸೆಕೆಂಡಿನ ಆ ಸದ್ದಿಗಾಗಿ 84 ತುಣುಕುಗಳನ್ನು ಮಾಡಿದ್ದಾಗಿ ಹೇಳಿದ್ದಾರೆ. ಅದನ್ನು ಮಾಡಿದ್ದು ಆಪಲ್ ಮ್ಯಾಕ್‌ನಲ್ಲಿ ಅಂತೆ.

ಕಂಪ್ಯೂಟರ್ ಬಂದ ಮೇಲೆ ಏನು ಬದಲಾಯಿತು?

ಟೇಪಿಗೆ, ರೆಕಾರ್ಡಿಗೆ ಒಂದು ಮಿತಿ ಇತ್ತು. ಲೂಪ್‌ಗಳು ಎಷ್ಟೇ ಹೊಸದಾಗಿ ಕೂಡಿದರೂ ಮುದ್ರಿಸಿದ ಮೇಲೆ ಅದು ಒಂದೇ ರೂಪ. 1985ರ ‘ಥರ್ಸ್‌ಡೇ ಆಫ್ಟರ್‌ನೂನ್’ 61 ನಿಮಿಷ ತಡೆಯಿಲ್ಲದೆ ಹರಿಯಲು ಸಿಡಿ ಬರಬೇಕಾಯಿತು. 1996ರಲ್ಲಿ ಕೋಆನ್ ಎಂಬ ತಂತ್ರಾಂಶದಲ್ಲಿ ಈನೋ ನಿಯಮಗಳನ್ನು ಮಾತ್ರ ಬರೆದುಕೊಟ್ಟರು. ಕಂಪ್ಯೂಟರ್ ಪ್ರತಿ ಸಲ ಹೊಸದಾಗಿ ನುಡಿಸುತ್ತಿತ್ತು. 2008ರಲ್ಲಿ ಪೀಟರ್ ಚಿಲ್ವರ್ಸ್ ಜೊತೆ ಮಾಡಿದ ‘ಬ್ಲೂಮ್’ ಆ್ಯಪ್ ಅದನ್ನು ಫೋನಿಗೆ ತಂದಿತು. ತೆರೆ ಮುಟ್ಟಿದಲ್ಲಿ ಸ್ವರ ಅರಳುತ್ತದೆ, ತಿರುಗಿ ಬರುತ್ತದೆ, ಮೆಲ್ಲಗೆ ಬದಲಾಗುತ್ತದೆ. 2017ರ ‘ರಿಫ್ಲೆಕ್ಷನ್’ ಆಲ್ಬಮ್ ಆಗಿಯೂ ಬಂತು, ಮುಗಿಯದೆ ನುಡಿಯುವ ಆ್ಯಪ್ ಆಗಿಯೂ ಬಂತು.

ಆರೋಗ್ಯಕ್ಕೆ ಒಳ್ಳೆಯದಾ? ನಿದ್ದೆ ಬರುತ್ತಾ?

ಇದನ್ನು ಔಷಧಿ ಎಂದು ಹೇಳಲಾರೆ. ನಿದ್ದೆ ಬಂದರೆ ಮಲಗಿ, ತಪ್ಪೇನಿಲ್ಲ. 2013ರಲ್ಲಿ ಇಂಗ್ಲೆಂಡಿನ ಹೋವ್ ಊರಿನ ಮಾಂಟೆಫಿಯೋರಿ ಆಸ್ಪತ್ರೆಗಾಗಿ ಈನೋ ಬೆಳಕು, ಸದ್ದಿನ ಒಂದು ಶಾಂತ ಕೋಣೆ ಮಾಡಿಕೊಟ್ಟರು. ರೋಗಿಗಳು ಹೋಗಿ ಸುಮ್ಮನೆ ಕೂರಬಹುದು.

ಎಲ್ಲಿಂದ ಕೇಳಲು ಶುರು ಮಾಡಲಿ?

‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನ ಮೊದಲ ಭಾಗದಿಂದ. ಹೆಡ್‌ಫೋನ್ ಬೇಡ. ಕೋಣೆಯಲ್ಲಿ ಸ್ಪೀಕರ್ ಇಡಿ. ಹೊರಗಿನ ಆಟೋ, ಕುಕ್ಕರ್, ಹಕ್ಕಿ ಎಲ್ಲ ಕೇಳಿಸುವಷ್ಟು ಸದ್ದು ಕಡಿಮೆ ಮಾಡಿ. ನಿಮ್ಮ ಕೆಲಸ ಮಾಡುತ್ತಾ ಇರಿ. ಬೇಜಾರು ಅನ್ನಿಸಿದರೆ ಬೇರೆ ದಿನ ಬೇರೆ ಹೊತ್ತಿನಲ್ಲಿ ಹಾಕಿ ನೋಡಿ. ಆಮೇಲೆ ಹೆರಾಲ್ಡ್ ಬಡ್ ಪಿಯಾನೋ ಇರುವ 1980ರ ‘ಆಂಬಿಯೆಂಟ್ 2’ ಕೇಳಿ. ‘ಆನ್ ಲ್ಯಾಂಡ್’ ಮಾತ್ರ ರಾತ್ರಿ ಹೊತ್ತಿಗೆ ಇಟ್ಟುಕೊಳ್ಳಿ.

ನಾನೇ ಮಾಡಿ ನೋಡಬೇಕು. ಹೇಗೆ?

ದುಬಾರಿ ಯಂತ್ರ ಬೇಡ. ಫೋನಿನಲ್ಲಿ ಸಿಗುವ ಯಾವುದಾದರೂ ಉಚಿತ ಸಿಂಥ್, ನಾಲ್ಕು ಟ್ರ್ಯಾಕ್ ಹಾಕಲು ಬರುವ ಒಂದು ರೆಕಾರ್ಡಿಂಗ್ ಆ್ಯಪ್ ಸಾಕು. ಸ್ವರ ತಟ್ಟನೆ ಬರದೆ ಮೆಲ್ಲಗೆ ಏರುವ ಹಾಗೆ, ಬಿಟ್ಟ ಮೇಲೂ ತುಸು ಹೊತ್ತು ಉಳಿಯುವ ಹಾಗೆ ಹೊಂದಿಸಿಕೊಳ್ಳಿ. ರಿವರ್ಬ್ (ಮಾರ್ದನಿ) ಧಾರಾಳವಾಗಿ ಇರಲಿ. ಮೋಹನ ರಾಗದ ಐದು ಸ್ವರಗಳನ್ನು ಮಾತ್ರ ಬಳಸಿ. ಯಾವುದು ಯಾವುದರ ಮೇಲೆ ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ.

ಮೊದಲ ಟ್ರ್ಯಾಕಿಗೆ 7 ಸೆಕೆಂಡಿನ ಲೂಪ್, ಅದರಲ್ಲಿ ಒಂದೇ ಸ್ವರ. ಎರಡನೆಯದು 11 ಸೆಕೆಂಡು, ಅದರಲ್ಲಿ ಎರಡು ಸ್ವರ. ಮೂರನೆಯದು 13 ಸೆಕೆಂಡು, ಮಂದ್ರದಲ್ಲಿ ಒಂದು ಸ್ವರ. ಮೂರನ್ನೂ ಒಟ್ಟಿಗೆ ಬಿಡಿ. ಶುರುವಿನ ಜೋಡಣೆ ಮತ್ತೆ ಬರುವುದು 1001 ಸೆಕೆಂಡಿನ ನಂತರ, ಅಂದರೆ ಸುಮಾರು ಹದಿನೇಳು ನಿಮಿಷಕ್ಕೆ. ಮೊದಲ ಐದು ನಿಮಿಷ ಏನನ್ನೂ ಮುಟ್ಟಬೇಡಿ. ಕೈ ಚಡಪಡಿಸುತ್ತದೆ, ಇನ್ನೊಂದು ಸ್ವರ ಸೇರಿಸೋಣ ಅನ್ನಿಸುತ್ತದೆ. ಬೇಕೇ ಬೇಕು ಅನ್ನಿಸಿದರೆ ಸೇರಿಸುವ ಬದಲು ಒಂದನ್ನು ತೆಗೆದು ಕೇಳಿ. ನಿಮ್ಮ ಊರಿನ ಕೆರೆ ದಂಡೆಯದ್ದೋ, ಬಸ್ ನಿಲ್ದಾಣದ್ದೋ ಹತ್ತು ನಿಮಿಷದ ಸದ್ದನ್ನು ನಾಲ್ಕನೆಯ ಟ್ರ್ಯಾಕಿಗೆ ಹಾಕುವುದನ್ನು ಆಮೇಲೆ ನೋಡಿಕೊಳ್ಳಬಹುದು.